ಸೇಂಟ್ ಮೇರೀಸ್ ದ್ವೀಪದ ಸುತ್ತ ಬೋಟಿನ ದಾರಿ ಗುರುತಿಸಿ

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲದ ನಿಲುಗಡೆ ಮುಗಿದು ಉಡುಪಿಯ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿ ಬೋಟುಗಳು ಮತ್ತೆ ಹೊರಡುವ ದಿನ ಹತ್ತಿರವಾಗಿದೆ. ಪ್ರವಾಸಿಗರು ಬರಲಿ. ಅವರಿಂದ ನಮ್ಮೂರಿನ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ನನ್ನ ಅಣ್ಣನ ಮಗನೇ ಅಂಥ ಬೋಟಿನಲ್ಲಿ ದುಡಿಯುತ್ತಾನೆ. ಆದರೆ ಅದಕ್ಕೆ ಮೊದಲು, ದ್ವೀಪದ ಸುತ್ತ ಬೋಟುಗಳು ಎಲ್ಲಿ ಓಡಬೇಕು, ಎಲ್ಲಿ ಓಡಬಾರದು ಎಂಬುದನ್ನು ತೇಲುಗುರುತು ಕಟ್ಟಿ ತೋರಿಸಬೇಕೆಂದು ನಾಡದೋಣಿ ಮೀನುಗಾರನಾಗಿ ಕೇಳಿಕೊಳ್ಳುತ್ತೇನೆ.

ಕಳೆದ ಡಿಸೆಂಬರಿನ ಒಂದು ಭಾನುವಾರ. ಬೆಳಕು ಹರಿಯುವ ಮೊದಲೇ ನಾವು ನಾಲ್ವರು ದ್ವೀಪದ ಬಡಗು ಬದಿಯಲ್ಲಿ ಬಲೆ ಬಿಟ್ಟಿದ್ದೆವು. ಬಲೆ ಇರುವುದು ನೀರೊಳಗೆ, ಮೇಲೆ ಕಾಣುವುದು ಬೆಂಡುಗಳ ಸಾಲು ಮಾತ್ರ. ಬಿಸಿಲೇರಿದ ಮೇಲೆ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದ ವೇಗದ ಬೋಟೊಂದು ನೇರವಾಗಿ ಆ ಸಾಲಿನ ಮೇಲೆಯೇ ಬಂತು. ಕೂಗಿದೆವು, ಅಂಗಿ ಬಿಚ್ಚಿ ಬೀಸಿದೆವು. ಎಂಜಿನ್ನಿನ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸಲಿಲ್ಲ. ಬಲೆ ಬೋಟನ್ನು ಮುಂದೆ ನೂಕುವ ಫ್ಯಾನಿಗೆ ಸುತ್ತಿಕೊಂಡು ಎಂಜಿನ್ ನಿಂತಿತು, ಅಲೆಗಳು ಬೋಟನ್ನು ಕಲ್ಲಿನ ಕಡೆಗೆ ದೂಡತೊಡಗಿದವು. ಅದರಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದರು. ಒಂದು ಮಗುವಿಗೆ ತೊಡಿಸಿದ್ದ ದೊಡ್ಡವರ ಅಳತೆಯ ಲೈಫ್ ಜಾಕೆಟ್ ಮೇಲೇರಿ ಕಿವಿಗಳನ್ನು ಮುಚ್ಚಿತ್ತು. ಹಗ್ಗ ಎಸೆದು ಬೋಟನ್ನು ಹಿಡಿದುಕೊಂಡೆವು. ನನ್ನ ಬಲೆಯನ್ನು ನಾನೇ ಕತ್ತಿಯಿಂದ ಕೊಯ್ದೆ. ಬಂಗುಡೆ ಸಿಗುವ ಹೊತ್ತಿನಲ್ಲಿ ಹನ್ನೊಂದು ದಿನ ದಡದಲ್ಲಿ ಕುಳಿತು ಅದನ್ನೇ ಹೆಣೆದೆವು. ನಷ್ಟದ ಮಾತು ಹಾಗಿರಲಿ. ಅಂದು ನಾವು ಅಲ್ಲಿ ಇರದಿದ್ದರೆ ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಈ ದ್ವೀಪದ ಸೊಬಗೂ ಅಪಾಯವೂ ಅದರ ಕಲ್ಲಿನಲ್ಲಿಯೇ ಇದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ, ಲಾವಾ ತಣಿದು ಬಿರುಕುಬಿಟ್ಟು ನಿಂತ ಕಂಬಗಳಿವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟನೆಂದು ಹೇಳುತ್ತಾರೆ; ನಮ್ಮ ಕಡೆಯ ಹಳೆಯ ಹೆಸರು ತೋನ್ಸೆಪಾರ್. ಫೋಟೊ ತೆಗೆಸಿಕೊಳ್ಳುವ ಕಂಬಗಳು ದಡದಲ್ಲಿಯೇ ಮುಗಿಯುವುದಿಲ್ಲ, ನೀರಿನಡಿಗೂ ಚಾಚಿಕೊಂಡಿವೆ. ಇಳಿತದಲ್ಲಿ ಕೆಲವು ತಲೆ ತೋರಿಸುತ್ತವೆ, ಭರತದಲ್ಲಿ ಅಡಗಿಬಿಡುತ್ತವೆ. ಅಲೆ ಒಡೆಯುವ ಬಗೆಯಿಂದ ಅವುಗಳ ಜಾಗ ತಿಳಿಯಲು ವರ್ಷಗಟ್ಟಲೆ ಆ ನೀರಿನಲ್ಲಿ ದುಡಿದಿರಬೇಕು. ಅದೇ ಕಲ್ಲುಗಳಲ್ಲಿ ಪಚ್ಚಿಲೆ ಎಂಬ ತಿನ್ನುವ ಚಿಪ್ಪುಜೀವಿ ಕಚ್ಚಿಕೊಂಡು ಬೆಳೆಯುತ್ತದೆ. ಅದನ್ನು ಕೀಳಲು ಉಸಿರು ಬಿಗಿಹಿಡಿದು ಮುಳುಗಿದ ಹುಡುಗ ಮೇಲೆ ಬರುವಾಗ ಕಾಣುವುದು ಒಂದು ತಲೆ ಮಾತ್ರ. ವೇಗವಾಗಿ ಬರುವ ಬೋಟಿನವನಿಗೆ ಅದು ಕಂಡೀತೇ?

2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದರು. ಆಮೇಲೆ ದಡದ ಸುರಕ್ಷತೆಯ ಬಗ್ಗೆ ಬಹಳ ಚರ್ಚೆಯಾಯಿತು. ನೀರಿನ ಮೇಲಿನ ಸುರಕ್ಷತೆಗೂ ಅಷ್ಟೇ ಗಮನ ಬೇಕು.

ಬಂದರಿನಿಂದ ದ್ವೀಪಕ್ಕೆ ಹೋಗಿಬರಲು ಒಂದು ದಾರಿಯನ್ನು ಗೊತ್ತುಮಾಡಿ, ಎರಡೂ ಬದಿಗೆ ದೂರದಿಂದ ಕಾಣುವ ಬಣ್ಣದ ತೇಲುಗುರುತು ಹಾಕಬೇಕು. ಬಲೆ ಬಿಡುವ ಜಾಗಕ್ಕೂ ಪಚ್ಚಿಲೆ ಕಲ್ಲುಗಳ ಹತ್ತಿರಕ್ಕೂ ವೇಗದ ಬೋಟು ಬರಬಾರದು. ಮಕ್ಕಳ ಅಳತೆಯ ಜಾಕೆಟ್ ಇಲ್ಲದ ಬೋಟು ಮಕ್ಕಳನ್ನು ಹತ್ತಿಸಿಕೊಳ್ಳಬಾರದು. ಇದನ್ನೆಲ್ಲ ಕಚೇರಿಯಲ್ಲಿ ನಕ್ಷೆ ಹರಡಿಕೊಂಡು ತೀರ್ಮಾನಿಸದೆ, ಪ್ರವಾಸಿ ಬೋಟು ನಡೆಸುವ ತಾಂಡೇಲರನ್ನೂ ನಾಡದೋಣಿಯವರನ್ನೂ ಒಟ್ಟಿಗೆ ಕೂರಿಸಿಕೊಂಡು ಮಾಡಬೇಕು. ನಮ್ಮ ನಡುವೆ ಜಗಳವಿಲ್ಲ. ಸಮುದ್ರಪೂಜೆಯ ದಿನ ಒಂದೇ ದಡದಲ್ಲಿ ನಿಂತು ಕಡಲಿಗೆ ಹಾಲೆರೆಯುವವರು ನಾವು.

ಅಧಿಕಾರಿಗಳು ಇಳಿತದ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಬಂದರೆ, ನಮ್ಮ ದೋಣಿಯಲ್ಲಿಯೇ ಕರೆದುಕೊಂಡು ಹೋಗಿ ಆ ಕಲ್ಲುಗಳನ್ನು ಒಂದೊಂದಾಗಿ ತೋರಿಸಿಕೊಡುತ್ತೇವೆ.

ಇಂತಿ,
ನಾಡದೋಣಿ ಮೀನುಗಾರ,
ಮಲ್ಪೆ