ಹೆರಿಗೆಯ ಲೆಕ್ಕದ ಜೊತೆಗೆ ಪಕ್ಕದಲ್ಲಿ ಕೂತ ಹೊತ್ತೂ ಲೆಕ್ಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ನಾನು ತುಮಕೂರಿನಲ್ಲಿ ಜಿಎನ್‌ಎಂ (ನರ್ಸಿಂಗ್ ಮತ್ತು ಸೂಲಗಿತ್ತಿ ತರಬೇತಿ) ಕೋರ್ಸಿನ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಒಳ್ಳೆಯ ಸೂಲಗಿತ್ತಿ ಹೇಗಿರಬೇಕು ಎಂಬ ಮಾತು ಮೊನ್ನೆ ನಮ್ಮ ಹಾಸ್ಟೆಲಿನಲ್ಲಿ ಬಂದಾಗ, ಪಳಗಿದ ಕೈ ಮುಖ್ಯವೆಂದು ಕೆಲವರು, ಮೃದುವಾದ ಮಾತು ಮುಖ್ಯವೆಂದು ಕೆಲವರು ವಾದಿಸಿದರು. ಇವೆರಡನ್ನು ಬೇರ್ಪಡಿಸಲಾಗದು ಎಂಬುದು ಲೇಬರ್ ವಾರ್ಡಿನಲ್ಲಿ ಕಳೆದ ಒಂದು ರಾತ್ರಿ ನನಗೆ ಮನವರಿಕೆಯಾಗಿದೆ.

ಅಂದು ಶಿರಾ ಕಡೆಯ ಚೊಚ್ಚಲ ಗರ್ಭಿಣಿಯೊಬ್ಬರು ನೋವು ತಾಳಲಾರದೆ ಕೂಗಿಕೊಂಡದ್ದಕ್ಕೆ ಬೈಸಿಕೊಂಡಿದ್ದರು. ಆಮೇಲೆ ಯಾರು ಏನು ಕೇಳಿದರೂ ತಲೆಯಾಡಿಸುತ್ತಿದ್ದರೇ ಹೊರತು ಬಾಯಿ ಬಿಡುತ್ತಿರಲಿಲ್ಲ. ನಾನು ಪಕ್ಕದಲ್ಲೇ ಕೂತು ಸೊಂಟ ನೀವುತ್ತಾ, ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಎಣಿಸಿ ಹೆರಿಗೆ ಹೇಗೆ ಸಾಗುತ್ತಿದೆ ಎಂದು ತೋರಿಸುವ ಪಾರ್ಟೋಗ್ರಾಫ್ ನಕ್ಷೆಯಲ್ಲಿ ಗುರುತು ಹಾಕುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ನನ್ನ ಏಪ್ರನ್ನಿನ ಅಂಚು ಹಿಡಿದುಕೊಂಡು, "ಸಿಸ್ಟರ್, ಬಾತ್‌ರೂಮಿಗೆ ಹೋದಾಗ ನೀರು ಹೋಯ್ತು, ಹಸಿರಾಗಿತ್ತು. ಹೇಳೋಕೆ ಭಯ ಆಯ್ತು" ಎಂದರು. ಮಗು ಒಳಗೇ ಮಲ ವಿಸರ್ಜಿಸಿದರೆ ಗರ್ಭದಲ್ಲಿ ಮಗುವಿನ ಸುತ್ತಲಿರುವ ನೀರಿಗೆ ಆ ಬಣ್ಣ ಬರುತ್ತದೆ. ವೈದ್ಯರಿಗೆ ಕೂಡಲೇ ತಿಳಿಸಬೇಕಾದ ಲಕ್ಷಣವದು. ತಿಳಿಸಿದೆವು, ತಾಯಿ, ಮಗು ಇಬ್ಬರೂ ಕ್ಷೇಮವಾಗಿ ಮನೆಗೆ ಹೋದರು. ಬೈಗುಳಕ್ಕೆ ಹೆದರಿ ಆ ಮಾತು ಅವರ ಬಾಯಲ್ಲೇ ಉಳಿದಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ನಮ್ಮದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ, ಅವರು ಹಣ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದಾರೆಂಬ ಲೆಕ್ಕವೇ ಎಲ್ಲರ ಬಾಯಲ್ಲಿತ್ತು. ಅಷ್ಟು ಮಂದಿ ಹೆಂಗಸರು ಅವರನ್ನು ನಂಬಿ ಕರೆದರು ಎಂಬುದನ್ನೇ ನಾನು ಆ ಸಂಖ್ಯೆಯಲ್ಲಿ ಓದಿಕೊಳ್ಳುತ್ತೇನೆ. ಅದೇ ವರ್ಷ ಕೇಂದ್ರ ಸರ್ಕಾರ ಪ್ರಕಟಿಸಿದ ಮಿಡ್‌ವೈಫರಿ (ಸೂಲಗಿತ್ತಿ ಸೇವೆ) ಮಾರ್ಗಸೂಚಿಯೂ, ನರ್ಸುಗಳಿಗೆ 18 ತಿಂಗಳ ಪ್ರತ್ಯೇಕ ತರಬೇತಿಯನ್ನು ಹೇಳುತ್ತಾ, ಗರ್ಭಿಣಿಯನ್ನು ಗೌರವದಿಂದ ಕಾಣುವುದು ಆರೈಕೆಯ ಭಾಗವೆಂದೇ ಹೇಳಿದೆ.

ಆದರೆ ನಮ್ಮ ಪ್ರಾಯೋಗಿಕ ದಾಖಲೆ ಪುಸ್ತಕದಲ್ಲಿ ಮಾಡಿಸಿದ ಹೆರಿಗೆಗಳಿಗೆ ಜಾಗವಿದೆ, ಕೂತು ಕಾದ ಹೊತ್ತಿಗೆ ಇಲ್ಲ. ಹೀಗಾಗಿ ಸಂಖ್ಯೆ ತುಂಬಿಸಬೇಕಾದ ವಿದ್ಯಾರ್ಥಿನಿ, ನೋವು ತಿನ್ನುತ್ತಿರುವವರನ್ನು ಬಿಟ್ಟು, ಮಗುವಿನ ತಲೆ ಕಾಣಿಸಿಕೊಂಡ ಟೇಬಲ್ಲಿಗೆ ಓಡುತ್ತಾಳೆ. ಅದು ಅವಳ ತಪ್ಪಲ್ಲ. ಪ್ರತಿ ವಿದ್ಯಾರ್ಥಿನಿಯೂ ಕನಿಷ್ಠ ಐವರು ತಾಯಂದಿರ ಜೊತೆ, ದಾಖಲಾದ ಗಳಿಗೆಯಿಂದ ಮಗು ಮೊದಲ ಬಾರಿ ಎದೆಹಾಲು ಕುಡಿಯುವವರೆಗೂ ಇರುವಂತೆ ತರಬೇತಿ ಕೇಂದ್ರಗಳು ವ್ಯವಸ್ಥೆ ಮಾಡಬೇಕು. ಅದಕ್ಕೂ ಅಂಕ ಕೊಡಬೇಕು ಮತ್ತು ಅಂಕ ಕೊಡುವ ಮುನ್ನ ಆ ತಾಯಂದಿರನ್ನೂ ಒಂದು ಮಾತು ಕೇಳಬೇಕು.

– ಜಿಎನ್‌ಎಂ ವಿದ್ಯಾರ್ಥಿನಿ, ತುಮಕೂರು