ಚೀಟಿ ಇಲ್ಲದೆ ಕೊಡಲಾರೆ, ಪುಟ್ಟಿ

ಮಂಡ್ಯ, ಶನಿವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಬುಧವಾರದಿಂದ ನೀನು ನನ್ನ ಹತ್ತಿರ ಮಾತಾಡಿಲ್ಲ. ಅಮ್ಮನ ಹತ್ತಿರವೂ 'ಊಟ ಆಯ್ತು, ಇಡ್ತೀನಿ' ಅನ್ನುವಷ್ಟೇ. ಅವತ್ತು ಯಾರು ಏನಂದರು ಅನ್ನೋದನ್ನ ಮತ್ತೆ ಕೆದಕೋದು ಬೇಡ. ನಿದ್ದೆ ಬರಲಿ ಅಂತ ನೀನು ಕೇಳಿದ ಆಲ್ಪ್ರಜೋಲಮ್ ಮಾತ್ರೆ ಸ್ಟ್ರಿಪ್ಪನ್ನ ಡಾಕ್ಟರ ಚೀಟಿ ಇಲ್ಲದೆ ಕಳಿಸಲ್ಲ ಅಂದ ಮಾತನ್ನ ನಾನು ವಾಪಸ್ ತಗೊಳ್ಳಲ್ಲ. ನಮ್ಮ ಔಷಧಿ ಅಂಗಡಿ ತುಂಬ ಜನ ಇರುವಾಗ ಹಾಗೆ ಕೂಗಾಡಿದ್ದಕ್ಕೆ ಮಾತ್ರ ಬೇಜಾರಾಗಿದೆ, ಮನಸ್ಸಿಗೆ ಹಚ್ಚಿಕೋಬೇಡ. ಸೋಮವಾರ ನಿಮ್ಹಾನ್ಸ್ ಪೋಸ್ಟಿಂಗಿಗೆ ಹೊರಡ್ತೀಯ, ಅಷ್ಟರೊಳಗೆ ಸಿಗಲಿ ಅಂತ ಇದನ್ನ ಅಮ್ಮನ ಕೈಲಿ ಕಳಿಸ್ತಿದ್ದೀನಿ.

ನೈಟ್ ಡ್ಯೂಟಿ ಮುಗಿಸಿ ಬಂದರೆ ಮೈಸೂರಿನ ಹಾಸ್ಟೆಲಲ್ಲಿ ಹಗಲು ನಿದ್ದೆ ಹತ್ತಲ್ಲ, ನಿಜ. ಒಬ್ಬಳ ಮೊಬೈಲು, ಇನ್ನೊಬ್ಬಳ ಬಕೆಟ್ಟು. ಸುಳ್ಳು ಅಂತ ನಾನು ಹೇಳ್ತಿಲ್ಲ. ಆದರೆ 'ಒಂದೇ ಸ್ಟ್ರಿಪ್ಪು ಅಪ್ಪ' ಅಂದ ತಕ್ಷಣ ನನ್ನ ಕಣ್ಣಮುಂದೆ ಬಂದವನು ನಿನ್ನ ಚಿಕ್ಕಪ್ಪ.

ನೀನಾಗ ಸಣ್ಣವಳು. ಅವನು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದ ಅನ್ನೋದಷ್ಟೇ ನಿನಗೆ ಗೊತ್ತಿರೋದು. ಮೊದಲ ದಿನ ಕೈ ನಡುಗ್ತಿತ್ತು, ನೋವಿಗೆ ಅಂದುಕೊಂಡರು. ಮಾರನೇ ದಿನ ಬೆವರು, ಕಣ್ಣಿಗೆ ನಿದ್ದೆ ಇಲ್ಲ. ಮೂರನೇ ರಾತ್ರಿ ಡ್ರಿಪ್ ಕಿತ್ತು ಬಿಸಾಕಿದ. ಹೊದಿಕೆ ಮೇಲೆ ಇಲ್ಲದ ಇರುವೆಗಳನ್ನ ಎರಡು ಬೆರಳಲ್ಲಿ ಹಿಡಿದು ಹಿಡಿದು ಸ್ಟೀಲ್ ಲೋಟಕ್ಕೆ ಹಾಕ್ತಿದ್ದ. ಒಂದೊಂದು ಹಾಕಿದ ಮೇಲೂ ಅಂಗೈಲಿ ಲೋಟದ ಬಾಯಿ ಮುಚ್ಚೋನು. ನನ್ನನ್ನ ನೋಡಿ 'ಕಂಡಕ್ಟರೇ, ಬಸ್ ನಿಲ್ಲಿಸಿ' ಅಂದ. ನಿಮ್ಮಜ್ಜಿ ಗಾಳಿ ಸೋಕಿದೆ ಅಂತ ನಿಂಬೆಹಣ್ಣು ನಿವಾಳಿಸೋಕೆ ಹೊರಟರು. ವಾರ್ಡಿನವರು ಕೈಕಾಲು ಕಟ್ಟಿಹಾಕಿದರು. ಆಗ ರಾತ್ರಿ ಪಾಳಿಗೆ ಬಂದ ಸಿಸ್ಟರೊಬ್ಬರು ನನ್ನನ್ನ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: 'ಇವರು ಕೊನೇ ಸಲ ಕುಡಿದದ್ದು ಯಾವಾಗ?'

ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ. ಮನೆಯವರು ತಾವಾಗಿ ಹೇಳಲ್ಲ, ಮರ್ಯಾದೆ ಪ್ರಶ್ನೆ. ದಿನಾ ಕುಡಿಯೋರು ಏಕಾಏಕಿ ನಿಲ್ಲಿಸಿದರೆ ಆರೇಳು ಗಂಟೆಗೆಲ್ಲ ನಡುಕ ಶುರುವಾಗಬಹುದು, 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕು ದಿನದಲ್ಲಿ ಬುದ್ಧಿ ಕದಡಿ ಜೀವಕ್ಕೇ ಸಂಚಕಾರ ಬರಬಹುದು. ಡೆಲಿರಿಯಮ್ ಟ್ರೆಮೆನ್ಸ್ ಅಂತ ನೀನು ಪರೀಕ್ಷೆಗೆ ಓದಿದ್ದೀಯ. ಡಾಕ್ಟರನ್ನ ಎಬ್ಬಿಸಿ ಕರೆಸಿದ್ದು ಆ ಸಿಸ್ಟರೇ. ಗ್ಲೂಕೋಸ್ ಏರಿಸೋ ಮುಂಚೆ ತಯಮಿನ್ (ಬಿ-1 ವಿಟಮಿನ್) ಇಂಜೆಕ್ಷನ್ ಹೋಗಲಿ ಅಂತ ನೆನಪಿಸಿದ್ದೂ ಅವರೇ. ಅವನ ಲಿವರ್ ಕೆಟ್ಟಿತ್ತು, ಅದಕ್ಕೆ ನಡುಕ, ಫಿಟ್ಸ್ ತಡೆಯೋಕೆ ಸಾಮಾನ್ಯವಾಗಿ ಕೊಡೋ ಕ್ಲೋರ್‌ಡಯಜೆಪಾಕ್ಸೈಡ್ ಬದಲು ಲೋರಾಜೆಪಾಮ್ ಕೊಟ್ಟರು. ಆ ಒಂದು ಪ್ರಶ್ನೆ ಕೇಳದೇ ಇದ್ದಿದ್ದರೆ ಇವತ್ತು ನಿನಗೆ ಚಿಕ್ಕಪ್ಪ ಇರ್ತಿರಲಿಲ್ಲ. ನೀನು ನರ್ಸಿಂಗ್ ಸೇರ್ತೀನಿ ಅಂದಾಗ ಮನೆಯವರೆಲ್ಲ ಬೇಡ ಅಂದರೂ ನಾನು ಹೂಂ ಅಂದದ್ದು ಆ ಹೆಣ್ಣುಮಗಳನ್ನ ನೆನೆದು.

ಆ ಲೋರಾಜೆಪಾಮೂ ನೀನು ಕೇಳಿದ ಆಲ್ಪ್ರಜೋಲಮೂ ಒಂದೇ ಮನೆತನದವು. ಮೆದುಳನ್ನ ಶಾಂತ ಮಾಡೋ ಗಾಬಾ ಅನ್ನೋ ರಾಸಾಯನಿಕದ ಮೇಲೆ ಹೆಂಡ ಹೇಗೆ ಕೆಲಸ ಮಾಡುತ್ತೋ ಇವೂ ಹೆಚ್ಚುಕಮ್ಮಿ ಹಾಗೇ ಮಾಡ್ತವೆ. ಅದಕ್ಕೇ ಹೆಂಡ ಬಿಡಿಸುವಾಗ ಆಸರೆಗೆ ಬರ್ತವೆ, ಡಾಕ್ಟರು ದಿನದಿನಕ್ಕೆ ಡೋಸ್ ಇಳಿಸ್ತಾ ನಿಲ್ಲಿಸ್ತಾರೆ. ತಾವಾಗೇ ನುಂಗೋರಿಗೆ ಇಳಿಸೋರು ಯಾರು? ಕೆಲವೇ ವಾರ ದಿನಾ ತಗೊಂಡರೂ ಮೈ ಒಗ್ಗಿಹೋಗುತ್ತೆ. ಅರ್ಧ ಮಾತ್ರೆ ಒಂದಾಗುತ್ತೆ, ಒಂದು ಎರಡಾಗುತ್ತೆ. ಥಟ್ಟನೆ ಬಿಟ್ಟರೆ ಮತ್ತೆ ಅದೇ ನಡುಕ, ಅದೇ ಫಿಟ್ಸ್. 2014ರಿಂದ ಈ ಆಲ್ಪ್ರಜೋಲಮ್ ಎಚ್-1 ಷೆಡ್ಯೂಲಿನಲ್ಲಿದೆ, ಅಂದರೆ ಚೀಟಿ ನೋಡಿ, ಲೆಕ್ಕ ಬರೆದೇ ಮಾರಬೇಕಾದ ಔಷಧಗಳ ಸರ್ಕಾರಿ ಪಟ್ಟಿಯಲ್ಲಿ. ಬರೆದುಕೊಟ್ಟ ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಎಷ್ಟು ಕೊಟ್ಟೆವು, ಎಲ್ಲ ಬೇರೆ ರಿಜಿಸ್ಟರಲ್ಲಿ ಬರೆದು 3 ವರ್ಷ ಇಡಬೇಕು. ಕಾನೂನಿಗೆ ಹೆದರಿ ಬೇಡ ಅಂದೆ ಅಂತ ತಿಳೀಬೇಡ. ಅದು ಇರದಿದ್ದರೂ ಕೊಡ್ತಿರಲಿಲ್ಲ.

ನನ್ನ ಭಯ ಬೇರೆ. ನಾನು ಕೊಡದಿದ್ದರೆ ಮೈಸೂರಲ್ಲಿ ಚೀಟಿ ಕೇಳದೆ ಕೊಡೋ ಅಂಗಡಿ ಒಂದಾದರೂ ಸಿಗುತ್ತೆ. ನಾಳೆ ವಾರ್ಡಿನ ಔಷಧಿ ಬೀರುವಿನ ಕೀ ನಿನ್ನ ಕೈಗೇ ಬರುತ್ತೆ. ಔಷಧದ ಜೊತೆ ಬದುಕೋರಿಗೆ 'ನನಗೆ ಡೋಸ್ ಗೊತ್ತು' ಅನ್ನೋ ಧೈರ್ಯ ಬಂದುಬಿಡುತ್ತೆ. ನನಗೆ ದಿಗಿಲು ಆ ಧೈರ್ಯದ ಬಗ್ಗೆ. ರಾತ್ರಿ ಎಚ್ಚರ ಆದಾಗೆಲ್ಲ ಅದೇ ಯೋಚನೆ. ಈಗಾಗಲೇ ತಗೊಳ್ತಿದ್ದೀಯಾ ಪುಟ್ಟಿ? ತಗೊಳ್ತಿದ್ದರೂ ಬಯ್ಯಲ್ಲ, ಹೇಳು. ಆದರೆ ಹೆದರಿಕೊಂಡು ಥಟ್ಟನೆ ನಿಲ್ಲಿಸಬೇಡ.

ನಿಮ್ಹಾನ್ಸಲ್ಲಿ ಕಲಿಸೋಕೆ ದೊಡ್ಡವರಿದ್ದಾರೆ, ಆದರೂ ಹೇಳ್ತೀನಿ. ಯಾರನ್ನೂ 'ನಾಟಕ ಆಡ್ತಾನೆ' ಅನ್ನಬೇಡ. ಮಾನಸಿಕ ಕಾಯಿಲೆಗೆ ಹಾಲೊಪೆರಿಡಾಲ್ ಕೊಟ್ಟ ಹುಡುಗನ ಕತ್ತು ಒಂದು ಕಡೆ ತಿರುಚಿಕೊಂಡು ಕಣ್ಣು ಮೇಲೆ ಸಿಕ್ಕಿಕೊಂಡರೆ ಅದು ಔಷಧದ ಕಾಟ, ಒಂದು ಇಂಜೆಕ್ಷನ್ನಿಗೆ ಸರಿಹೋಗುತ್ತೆ, ಓಡಿಹೋಗಿ ಹೇಳು. ಮನಸ್ಸಿನ ಏರಿಳಿತಕ್ಕೆ ಲಿಥಿಯಂ ತಗೊಳ್ಳೋರಿಗೆ ಭೇದಿ ಶುರುವಾಗಿ ಕೈ ನಡುಗಿದರೆ ಸುಮ್ಮನಿರಬೇಡ, ರಕ್ತದಲ್ಲಿ ಲಿಥಿಯಂ ಏರಿರಬಹುದು, ಅವರು ಮೈಕೈ ನೋವಿಗೆ ಐಬುಪ್ರೊಫೇನ್ ನುಂಗಿದ್ದಾರಾ ಅಂತಲೂ ಕೇಳು. ಇನ್ನೊಂದು, ನಮ್ಮ ಅಂಗಡಿಗೆ ಎಷ್ಟೋ ಹೆಂಗಸರು ಸೆರಗಲ್ಲಿ ದುಡ್ಡು ಕಟ್ಟಿಕೊಂಡು ಬರ್ತಾರೆ, ಗಂಡನಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸೋಕೆ ಕುಡಿತ ಬಿಡಿಸೋ ಡೈಸಲ್ಫಿರಾಮ್ ಮಾತ್ರೆ ಕೊಡಿ ಅಂತ. ನಿನ್ನ ಹತ್ತಿರವೂ ಕೇಳ್ತಾರೆ. ಗೊತ್ತಿಲ್ಲದೆ ತಿಂದವನು ಅದರ ಮೇಲೆ ಕುಡಿದರೆ ಬಿಪಿ ಬಿದ್ದು ಪ್ರಾಣವೇ ಹೋಗಬಹುದು. ಅದು ರೋಗಿ ಒಪ್ಪಿ, ತಿಳಿದು ನುಂಗೋ ಮಾತ್ರೆ. ಆ ಹೆಂಗಸರನ್ನ ಗದರಬೇಡ. ಕೂರಿಸಿ ಹೇಳು, ಗಂಡನನ್ನ ಕರೆದುಕೊಂಡು ಬರೋಕೆ ಹೇಳು.

ನಿನ್ನ ಯೂನಿಫಾರಂ ಫೋಟೋ ಗಲ್ಲಾದ ಗಾಜಿನಡಿ ಇಟ್ಟಿದ್ದೀನಿ. ಚಿಲ್ಲರೆ ಕೊಡುವಾಗ ಗಿರಾಕಿಗಳು ಯಾರು ಅಂತ ಕೇಳಲಿ ಅಂತಲೇ ಇಟ್ಟಿರೋದು.

ನಾಳೆ ಅಮ್ಮ ಬಂದಾಗ ಅವಳ ಜೊತೆ ಡಾಕ್ಟರ ಹತ್ತಿರ ಹೋಗು, ನಿದ್ದೆ ವಿಷಯ ಬಾಯಿಬಿಟ್ಟು ಹೇಳು. ಬರೀ ನಿದ್ದೆಯಲ್ಲ, ಇನ್ನೇನೋ ಮನಸ್ಸು ಕೊರೀತಿದೆ, ಮನೆಯವರ ಹತ್ತಿರ ಹೇಳೋಕಾಗಲ್ಲ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಹಗಲುರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರು ನಿನ್ನನ್ನ ನೋಡಿ ಏನು ಬರೆದುಕೊಡ್ತಾರೋ ಅದನ್ನ ನಾನೇ ಕೊಡ್ತೀನಿ. ಅದು ಆಲ್ಪ್ರಜೋಲಮ್ಮೇ ಆದರೂ ಸರಿ. ರಿಜಿಸ್ಟರಲ್ಲಿ ಮಗಳ ಹೆಸರು ಬರೆಯೋಕೆ ನನಗೇನೂ ಸಂಕೋಚ ಇಲ್ಲ.

ಇಂತಿ,
ನಿನ್ನ ಅಪ್ಪ