ಟ್ರಿಂಗ್‌ನಲ್ಲಿ ಮನೆ ನೋಡುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಲಂಡನ್ ಬಾಡಿಗೆ ಜಾಸ್ತಿಯಾಯ್ತು ಅಂತ ಲಂಡನ್ ಹೊರಗಿನ ಸಣ್ಣ ಊರು ಟ್ರಿಂಗ್ ಕಡೆ ಮನೆ ಹುಡುಕುತ್ತಿದ್ದೀರಲ್ವಾ, ಒಂದು ಮಾತು. ಲಂಡನ್ನಿನ ಯೂಸ್ಟನ್ ಸ್ಟೇಷನ್‌ಗೆ ರೈಲಿನಲ್ಲಿ ಸುಮಾರು 40 ನಿಮಿಷ, ನಿಜ. ಆದರೆ ಟ್ರಿಂಗ್ ಸ್ಟೇಷನ್ ಊರೊಳಗಿಲ್ಲ, ಎರಡು ಕಿಲೋಮೀಟರಿಗೂ ಜಾಸ್ತಿ ಆಚೆ. 1837ರಿಂದಲೂ ಅಲ್ಲೇ! ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು, ಬ್ಯಾಗಿನಲ್ಲಿ ಟಾರ್ಚ್ ಇರಲಿ.

ಹೊಲಗಳ ನಡುವೆ ಕಾಲುದಾರಿಗಳಿವೆ. ‘ಪಬ್ಲಿಕ್ ಫುಟ್‌ಪಾತ್’ ಅಂತ ಬೋರ್ಡ್ ಇರುವ ದಾರಿಯಲ್ಲಿ ಯಾರು ಬೇಕಾದರೂ ನಡೆಯಬಹುದು, ರೈತನನ್ನು ಕೇಳಬೇಕಿಲ್ಲ. ಗೇಟು ಮಾತ್ರ ಹೇಗಿತ್ತೋ ಹಾಗೇ ಬಿಡಿ, ಕುರಿಗಳಿರುತ್ತವೆ. ನಾನು ಮೊದಲ ವಾರ ಆಫೀಸ್ ಶೂನಲ್ಲೇ ಹೋಗಿ ಕಣಕಾಲಿನವರೆಗೆ ಕೆಸರಲ್ಲಿ ಹೂತೆ. ಗಮ್‌ಬೂಟ್ ಕೊಳ್ಳಿ. ಏಪ್ರಿಲ್ ಕೊನೆಗೆ ಹತ್ತಿರದ ಆಶ್‌ರಿಜ್ ಕಾಡಿನ ನೆಲವೆಲ್ಲ ನೀಲಿ ಹೂ, ಆ ಕೆಸರು ಮರೆತೇ ಹೋಗುತ್ತದೆ.

ಈ ಭಾನುವಾರ ಮನೆ ನೋಡಲು ಬರುವವರು ರೈಲಿದೆಯಾ ನೋಡಿಕೊಂಡು ಹೊರಡಿ, ಹಳಿ ಕೆಲಸ ಇದ್ದರೆ ಬಸ್ಸೇ ಗತಿ. ಮೊದಲೇ ತಿಳಿಸಿದರೆ ಸ್ಟೇಷನ್‌ಗೆ ಕಾರು ತರುತ್ತೇನೆ.